ಎ1, ಎ2 ಎದುರುಬದುರು ಇಟ್ಟರೂ ಊಸ್ಪೋರ್ ಬರಲಿಲ್ಲವೇ? ಮಹಾಳಿ ರೋಗಾಣುವಿನ ಜೋಡಣೆಯಲ್ಲಿ ತಪ್ಪು ಹುಡುಕುವ ಕೈಪಿಡಿ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮಕ್ಕಳು ಎಂಎಸ್ಸಿ ಪ್ರಾಜೆಕ್ಟಿಗೆ ಅಡಿಕೆ ಕೊಳೆತು ಉದುರುವ ಮಹಾಳಿ ರೋಗವನ್ನು ಆರಿಸಿಕೊಳ್ಳುವುದು ಸಹಜ. ಸ್ಯಾಂಪಲ್ ಹುಡುಕಿಕೊಂಡು ಅಲೆಯಬೇಕಾಗಿಲ್ಲ, ಆಟಿ ತಿಂಗಳಲ್ಲಿ ಮನೆಯ ತೋಟದಲ್ಲೇ ಉದುರಿ ಬಿದ್ದಿರುತ್ತದೆ. ರೋಗಾಣುವನ್ನು ಬೇರ್ಪಡಿಸುವ ತನಕ ಹೇಗೋ ಸುಧಾರಿಸಿಕೊಂಡು ಹೋಗುತ್ತಾರೆ. ಆಮೇಲೆ ಗೈಡ್ ಹೇಳುತ್ತಾರೆ, "ಇದರ ಮೇಟಿಂಗ್ ಟೈಪ್ ಯಾವುದು ಅಂತ ನೋಡಿ." ಅಂದರೆ ಕೂಡುವ ಎರಡು ಗುಂಪುಗಳಾದ ಎ1, ಎ2ರಲ್ಲಿ ಇದು ಯಾವುದು ಅಂತ. ಎದುರು ಗುಂಪಿನ ಜೊತೆ ಇಟ್ಟಾಗ ಊಸ್ಪೋರ್, ಅಂದರೆ ಲೈಂಗಿಕ ಬೀಜಕಣ, ಬಂದರೆ ಅದು ಗೊತ್ತಾಗುತ್ತದೆ. ಕೆಲಸ ಸಿಕ್ಕಿಬೀಳುವುದು ಅಲ್ಲೇ. ಎರಡು ಕಲ್ಚರ್ ಎದುರುಬದುರು ಇಟ್ಟು ಎರಡು ವಾರ ಕಾದರೂ ಮೈಕ್ರೋಸ್ಕೋಪಿನಲ್ಲಿ ಏನೂ ಕಾಣುವುದಿಲ್ಲ. ಇಲ್ಲವೇ ಇರಬಾರದ ಪ್ಲೇಟಿನಲ್ಲೆಲ್ಲ ಊಸ್ಪೋರ್ ತುಂಬಿರುತ್ತದೆ. ಇವೆರಡರಲ್ಲಿ ಅಪಾಯ ಜಾಸ್ತಿ ಇರುವುದು ಎರಡನೆಯದರಲ್ಲಿ. ಫಲಿತಾಂಶ ಬಂತು ಅನ್ನುವ ಖುಷಿಯಲ್ಲಿ ಯಾರೂ ಮತ್ತೆ ಪರೀಕ್ಷೆ ಮಾಡುವುದಿಲ್ಲ.

ಶುರು ಮಾಡುವ ಮುಂಚೆ ಒಂದು ವಿಷಯ. ಅಡಿಕೆಗೆ ಮಹಾಳಿ ತರುವ ಫೈಟೋಫ್ತೊರಾವನ್ನು ನಾವೆಲ್ಲ ಶಿಲೀಂಧ್ರ ಅಂತಲೇ ಕರೆಯುತ್ತೇವೆ. ನಿಜದಲ್ಲಿ ಅದು ಊಮೈಸೀಟ್ ಗುಂಪಿನದು, ಕಂದು ಪಾಚಿಗಳಿಗೆ ಹತ್ತಿರದ ನೆಂಟ. ಅದರ ಜೀವಕೋಶದ ಗೋಡೆಯಲ್ಲಿ ಮುಖ್ಯವಾಗಿ ಇರುವುದು ಸೆಲ್ಯುಲೋಸ್ ಮತ್ತು ಗ್ಲುಕಾನ್. ಇದು ಸುಮ್ನೆ ಪಾಂಡಿತ್ಯಕ್ಕೆ ಹೇಳುವ ಮಾತಲ್ಲ. ಅಸಲಿ ಶಿಲೀಂಧ್ರದ ವಿಧಾನವನ್ನು ಇದಕ್ಕೆ ಹಾಕಿದರೆ ಕೆಲಸ ಕೆಡುತ್ತದೆ. ಮಕ್ಕಳು ಕೆಡಿಸಿಕೊಳ್ಳುವುದೂ ಹಾಗೆಯೇ.

ಉದಾಹರಣೆಗೆ ಪೈನ್ ಮರಗಳಿಗೆ ಪಿಚ್ ಕ್ಯಾಂಕರ್ ತರುವ ಫ್ಯುಸೇರಿಯಂ ಸರ್ಸಿನೇಟಂ. ಮರದ ಕಾಂಡದಿಂದ ಅಂಟು ಸುರಿಸುವ ರೋಗ ಅದು. ಅದನ್ನು ಲ್ಯಾಬಿನಲ್ಲಿ ಜೋಡಿಸುವ ವಿಧಾನ ಎಲ್ಲ ಕಡೆ ಸಿಗುತ್ತದೆ, ಓದಲೂ ಚೆನ್ನಾಗಿದೆ. ಕ್ಯಾರೆಟ್ ಅಗರ್ (ಕ್ಯಾರೆಟ್ ರಸ ಬೆರೆಸಿ ಗಟ್ಟಿಮಾಡಿದ ಲೋಳೆ) ಮೇಲೆ ಹೆಣ್ಣಿನ ಪಾತ್ರದ ತಳಿಯನ್ನು ಮೊದಲು ಬೆಳೆಸುತ್ತಾರೆ. ಅದರ ಮೇಲೆ ಗಂಡಿನ ಪಾತ್ರದ ತಳಿಯ ಬೀಜಕಣಗಳನ್ನು ನೀರಿನಲ್ಲಿ ಕದಡಿ ಸುರಿದು, ಗಾಜಿನ ಕಡ್ಡಿಯಿಂದ ಸವರುತ್ತಾರೆ. ಆಮೇಲೆ ಪ್ಲೇಟನ್ನು ಬೆಳಕಿನಲ್ಲಿ, ಅದೂ ನೇರಳಾತೀತಕ್ಕೆ ಹತ್ತಿರದ ಬೆಳಕಿನಲ್ಲಿ ಇಡುತ್ತಾರೆ. ಕೆಲವು ವಾರಗಳಲ್ಲಿ ಕಡುನೀಲಿ, ಕಪ್ಪು ಬಣ್ಣದ ಸಣ್ಣ ಬುರುಡೆಗಳು ಏಳುತ್ತವೆ. ಅವು ಪೆರಿಥೀಸಿಯಂ, ಲೈಂಗಿಕ ಬೀಜಕಣಗಳ ಗೂಡು. ಈ ವಿಧಾನವನ್ನು ಹಾಗೇ ಎತ್ತಿಕೊಂಡು ಬಂದು ಮಹಾಳಿ ರೋಗಾಣುವಿಗೆ ಮಾಡಿದರೆ ಬೆಳಕೇ ಶತ್ರುವಾಗುತ್ತದೆ. ಫೈಟೋಫ್ತೊರಾ ಊಸ್ಪೋರ್ ಕಟ್ಟಲು ಕತ್ತಲೆ ಬೇಕು. ಬೀಜಕಣ ಸವರುವ ಅಗತ್ಯವೂ ಇಲ್ಲ. ಎರಡು ಕಲ್ಚರ್ ತುಂಡುಗಳನ್ನು ಮೂರು ನಾಲ್ಕು ಸೆಂಟಿಮೀಟರ್ ದೂರದಲ್ಲಿ ಇಟ್ಟರೆ ಸಾಕು, ಅವೇ ಬೆಳೆದು ಬಂದು ಕೂಡುತ್ತವೆ.

ಏನು ಕಾಣಬೇಕು

ಎರಡು ಕಲ್ಚರ್ ಸೇರುವ ಗೆರೆಯಿಂದ ಅಕ್ಕಿಕಾಳಿನಷ್ಟು ಅಗರ್ ಕತ್ತರಿಸಿ. ಸ್ಲೈಡಿನ ಮೇಲೆ ಒಂದು ಹನಿ ನೀರಿನಲ್ಲಿಟ್ಟು ಕವರ್‌ಸ್ಲಿಪ್ಪನ್ನು ಮೆಲ್ಲನೆ ಒತ್ತಿ. 100 ಪಟ್ಟಿನಲ್ಲಿ ಹುಡುಕಿ, 400 ಪಟ್ಟಿನಲ್ಲಿ ಖಾತ್ರಿ ಮಾಡಿ.

ದುಂಡಗಿನ ಚೀಲ ಕಾಣಬೇಕು, ಅದು ಊಗೋನಿಯಂ, ಹೆಣ್ಣಿನ ಅಂಗ. ಅದರೊಳಗೆ ಇನ್ನೊಂದು ದುಂಡು, ಗೋಡೆ ದಪ್ಪ, ತುಸು ಹೊನ್ನಿನ ಬಣ್ಣ. ಅದು ಊಸ್ಪೋರ್. ಈಗ ಫೋಕಸನ್ನು ಚೂರು ಚೂರೇ ತಿರುಗಿಸಿ ಚೀಲದ ತೊಟ್ಟು ನೋಡಿ. ಅಲ್ಲಿ ಕೊರಳಪಟ್ಟಿಯ ಹಾಗೆ ಒಂದು ಉಬ್ಬು ಸುತ್ತಿಕೊಂಡಿರುತ್ತದೆ. ಆಂಥೆರಿಡಿಯಂ, ಅಂದರೆ ಗಂಡಿನ ಅಂಗ, ಅದೇ. ಊಗೋನಿಯಂನ ಎಳೆ ಆಂಥೆರಿಡಿಯಂನೊಳಗೆ ತೂರಿಕೊಂಡು ಆಚೆ ಬಂದು ಉಬ್ಬುವುದರಿಂದ ಈ ಆಕಾರ ಬರುತ್ತದೆ. ಕೊರಳಪಟ್ಟಿ ಕಾಣದೆ ಊಸ್ಪೋರ್ ಅಂತ ಬರೆಯಬೇಡಿ. ಕ್ಲಮೈಡೋಸ್ಪೋರ್ ಎಂಬ ಲೈಂಗಿಕವಲ್ಲದ ಬೀಜಕಣ ಕೂಡ ದುಂಡಗೇ ಇರುತ್ತದೆ, ಅದರ ಗೋಡೆಯೂ ದಪ್ಪವಾಗಬಹುದು. ಆದರೆ ಅದಕ್ಕೆ ಚೀಲವಿಲ್ಲ, ಕೊರಳಪಟ್ಟಿ ಇಲ್ಲ, ಅದು ಹುಟ್ಟುವುದಕ್ಕೆ ಜೋಡಿಯೂ ಬೇಡ. ಗಾಳಿಗುಳ್ಳೆಯಂತೂ ಅಂಚು ಕಪ್ಪಗೆ ಮಿಂಚುವುದರಲ್ಲೇ ಗೊತ್ತಾಗುತ್ತದೆ.

ತೋಟದವರಿಗೆ ಇದನ್ನು ತೋರಿಸಿದರೆ ಮೊದಲ ಪ್ರಶ್ನೆ ಬರುವುದು, "ಇದರಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಮಾರಾಯ?" ಎ1 ಗಂಡೂ ಅಲ್ಲ, ಎ2 ಹೆಣ್ಣೂ ಅಲ್ಲ. ಒಂದೊಂದು ತಳಿಗೂ ಊಗೋನಿಯಂ, ಆಂಥೆರಿಡಿಯಂ ಎರಡನ್ನೂ ಕಟ್ಟುವ ಶಕ್ತಿ ಇದೆ. ಕಟ್ಟು ಅಂತ ಹೇಳುವ ಸಂಕೇತ ಮಾತ್ರ ಎದುರು ಗುಂಪಿನಿಂದ ಬರಬೇಕು. ಆ ಸಂಕೇತ ಒಂದು ಹಾರ್ಮೋನ್. ಎ1 ತಯಾರಿಸುವುದನ್ನು ಆಲ್ಫಾ 1 ಅನ್ನುತ್ತಾರೆ, ಅದು ಎ2ವನ್ನು ಎಬ್ಬಿಸುತ್ತದೆ. ಎ2 ತಯಾರಿಸುವ ಆಲ್ಫಾ 2, ಎ1ನ್ನು ಎಬ್ಬಿಸುತ್ತದೆ. ಆಲ್ಫಾ 1ರ ರಚನೆ ಗೊತ್ತಾದದ್ದು 2005ರಲ್ಲಿ, ಜಪಾನಿನ ಸಂಶೋಧಕರಿಂದ. ಈ ಹಾರ್ಮೋನಿನ ವಿಷಯ ನೆನಪಿನಲ್ಲಿರಲಿ, ಕೆಳಗೆ ಹೇಳುವ ಅರ್ಧ ಗೊಂದಲಗಳಿಗೆ ಇದೇ ಮೂಲ.

ಮೊದಲು ಟೆಸ್ಟರ್ ಜೋಡಿಯನ್ನು ನೋಡಿ

ಏನೂ ಬರಲಿಲ್ಲ ಅಂದಾಗ ಎಲ್ಲರೂ ತಮ್ಮ ತೋಟದ ತಳಿಯನ್ನು ಬೈಯುತ್ತಾರೆ. ಟೆಸ್ಟರ್ ಅಂದರೆ ಮೇಟಿಂಗ್ ಟೈಪ್ ಮೊದಲೇ ಗೊತ್ತಿರುವ ತಳಿ. ತೋಟದ ತಳಿಯನ್ನು ಬೈಯುವ ಮುಂಚೆ ಎ1 ಟೆಸ್ಟರ್, ಎ2 ಟೆಸ್ಟರ್ ಎರಡನ್ನೂ ಎದುರುಬದುರು ಇಟ್ಟ ಪ್ಲೇಟ್ ತೆರೆದು ನೋಡಿ. ಅಂಥ ಪ್ಲೇಟ್ ಇಟ್ಟೇ ಇಲ್ಲವಾದರೆ ಮುಂದಿನ ಚರ್ಚೆಯೇ ಬೇಡ, ಹೊಸದಾಗಿ ಶುರು ಮಾಡಿ. ಟೆಸ್ಟರ್‌ಗಾಗಿ ಬಹಳ ದೂರ ಹೋಗಬೇಕಾಗಿಲ್ಲ. ಕೋಝಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ಫೈಟೋಫ್ತೊರಾದ ರಾಷ್ಟ್ರೀಯ ಸಂಗ್ರಹವೇ ಇದೆ. ಗೈಡ್ ಮೂಲಕ ಪತ್ರ ಬರೆಸಿ ಕೇಳಿ.

ಒಂದೊಂದು ತಳಿಗೂ ಇಡಬೇಕಾದ ಪ್ಲೇಟ್ ಹೀಗೆ: ನಿಮ್ಮ ತಳಿ ಮತ್ತು ಎ1 ಟೆಸ್ಟರ್, ನಿಮ್ಮ ತಳಿ ಮತ್ತು ಎ2 ಟೆಸ್ಟರ್, ನಿಮ್ಮ ತಳಿಗೆ ನಿಮ್ಮ ತಳಿಯೇ. ಇದರ ಜೊತೆಗೆ ಎಲ್ಲಕ್ಕೂ ಸಾಮಾನ್ಯವಾಗಿ ಎ1 ಎದುರು ಎ2, ಮತ್ತು ಟೆಸ್ಟರ್‌ಗಳು ತಾವೇ ತಾವಾಗಿ. ಪ್ಲೇಟ್ ಉಳಿಸಲು ಹೋಗಿ ಒಂಟಿ ಪ್ಲೇಟುಗಳನ್ನು ಬಿಡುವುದೇ ಹೆಚ್ಚಿನ ಪ್ರಾಜೆಕ್ಟುಗಳ ರೋಗ.

ಟೆಸ್ಟರ್ ಜೋಡಿಯಲ್ಲೂ ಊಸ್ಪೋರ್ ಇಲ್ಲ ಅಂದರೆ ತಪ್ಪು ಮೀಡಿಯಾ (ಕಲ್ಚರಿಗೆ ಕೊಡುವ ಆಹಾರ), ಬೆಳಕು, ಬಿಸಿ ಇವುಗಳಲ್ಲಿ ಒಂದರಲ್ಲಿದೆ. ಇಲ್ಲವೇ ಟೆಸ್ಟರೇ ಸೊರಗಿದೆ. ಟೆಸ್ಟರ್ ಜೋಡಿಯಲ್ಲಿ ಧಾರಾಳ ಬಂದು ನಿಮ್ಮ ತಳಿಯಲ್ಲಿ ಮಾತ್ರ ಇಲ್ಲ ಅಂದರೆ ತಪ್ಪು ತಳಿಯ ಕಡೆಗಿದೆ.

ಎಲ್ಲೂ ಬಂದಿಲ್ಲದಿದ್ದರೆ

ಮೀಡಿಯಾದಿಂದ ಶುರು ಮಾಡಿ. ಕಾಲೇಜು ಲ್ಯಾಬುಗಳಲ್ಲಿ ಯಾವಾಗಲೂ ಸಿದ್ಧ ಇರುವುದು ಪೊಟೇಟೊ ಡೆಕ್ಸ್‌ಟ್ರೋಸ್ ಅಗರ್. ಅದರಲ್ಲಿ ಕಲ್ಚರ್ ಚೆಂದಕ್ಕೆ ಬೆಳೆಯುತ್ತದೆ, ಊಸ್ಪೋರ್ ಮಾತ್ರ ಬರುವುದೇ ಕಷ್ಟ. ಫೈಟೋಫ್ತೊರಾಕ್ಕೆ ಸ್ಟಿರಾಲ್ ಎಂಬ ಕೊಬ್ಬಿನ ಜಾತಿಯ ವಸ್ತುವನ್ನು ತಾನೇ ತಯಾರಿಸಲು ಬರುವುದಿಲ್ಲ. ಸುಮ್ಮನೆ ಬೆಳೆಯಲು ಸ್ಟಿರಾಲ್ ಇಲ್ಲದಿದ್ದರೂ ನಡೆಯುತ್ತದೆ, ಲೈಂಗಿಕ ಸಂತಾನಕ್ಕೆ ಅದು ಬೇಕೇ ಬೇಕು. ಹೊರಗಿನಿಂದ, ಗಿಡದ ಅಂಶದಿಂದ ಸಿಗಬೇಕು. ಅದಕ್ಕೇ ಕ್ಯಾರೆಟ್ ಅಗರ್ ಅಥವಾ ತರಕಾರಿ ರಸದ ವಿ8 ಅಗರ್. ಲೀಟರಿಗೆ 200 ಗ್ರಾಂ ಕ್ಯಾರೆಟ್ ಸಾಕು. ತುರಿದು ಬೇಯಿಸಿ, ಅರೆದು, ತೆಳು ಬಟ್ಟೆಯಲ್ಲಿ ಹಿಂಡಿ, ಆ ರಸಕ್ಕೆ 15ರಿಂದ 20 ಗ್ರಾಂ ಅಗರ್ ಸೇರಿಸಿ. ತಿಳಿ ಮಾತ್ರ ಬೇಕು ಅಂತ ಫಿಲ್ಟರ್ ಪೇಪರಿನಲ್ಲಿ ಸೋಸಬೇಡಿ, ಮೈಕ್ರೋಸ್ಕೋಪಿಗೆ ತುಸು ಮಬ್ಬಾದರೂ ಪರವಾಗಿಲ್ಲ. ಆಲ್ಫಾ 1 ಹಾರ್ಮೋನನ್ನು ರೋಗಾಣು ಕಟ್ಟಿಕೊಳ್ಳುವುದು ಫೈಟಾಲ್‌ನಿಂದ, ಅದು ಎಲೆಯ ಹಸಿರಿನಲ್ಲೇ ಇರುವ ವಸ್ತು. ಗಿಡವನ್ನು ತಿನ್ನುವ ಜೀವಿ ತನ್ನ ಜೋಡಿಯನ್ನು ಕರೆಯುವುದಕ್ಕೂ ಗಿಡದ್ದೇ ಸಾಮಗ್ರಿ ಬಳಸುತ್ತದೆ ಅಂದರೆ ನನಗೆ ಇಂದಿಗೂ ಸೋಜಿಗ.

ಬೆಳಕಿನ ಮಾತು ಆಗಲೇ ಬಂತು. ಪ್ಲೇಟಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಮುಚ್ಚಳವಿರುವ ಬಿಸ್ಕೆಟ್ ಡಬ್ಬಿಯಲ್ಲಿಡಿ. ಬಂತಾ ಬಂತಾ ಅಂತ ದಿನಾ ತೆಗೆದು ನೋಡಬೇಡಿ. ನೋಡುವುದಕ್ಕೆಂದೇ ಒಂದು ಹೆಚ್ಚಿನ ಪ್ಲೇಟ್ ಇಟ್ಟುಕೊಳ್ಳಿ, ಇಣುಕುವ ಚಪಲ ಅದರಲ್ಲೇ ತೀರಲಿ.

ಬಿಸಿ. ನಮ್ಮ ಕಡೆ ಎಡವುವುದು ಇಲ್ಲೇ ಜಾಸ್ತಿ. ರೋಗಾಣು ಬೆಳೆಯಲು ಹಿತವಾದ ಬಿಸಿ ಬೇರೆ, ಊಸ್ಪೋರ್ ಕಟ್ಟಲು ಹಿತವಾದದ್ದು ಬೇರೆ. ಎರಡನೆಯದು ಕಡಿಮೆ. 20ರಿಂದ 25 ಡಿಗ್ರಿಯೊಳಗೆ ಇಟ್ಟರೆ ಒಳ್ಳೆಯದು. ಮಳೆ ಬಿಟ್ಟು ಬಿಸಿಲು ಬಂದ ದಿನ ಹೆಂಚಿನ ಅಥವಾ ಶೀಟಿನ ಲ್ಯಾಬಿನಲ್ಲಿ 30 ದಾಟುತ್ತದೆ. ಕಲ್ಚರ್ ಬೆಳೆದೇ ಬೆಳೆಯುತ್ತದೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಇನ್ಕ್ಯುಬೇಟರ್ ಇದ್ದರೂ ಅದು ಬಿಸಿ ಮಾಡುವ ಯಂತ್ರವೋ, ತಂಪನ್ನೂ ಮಾಡುತ್ತದೋ ನೋಡಿಕೊಳ್ಳಿ. ಬರೀ ಬಿಸಿ ಮಾಡುವುದಾದರೆ ಹೊರಗಿನ ಬಿಸಿಗಿಂತ ಕೆಳಗೆ ಇಳಿಯುವುದೇ ಇಲ್ಲ, ಡಯಲ್ ಮೇಲೆ 22 ಅಂತ ಇಟ್ಟರೂ ಅಷ್ಟೇ. ಕರೆಂಟು ಹೋದಾಗ ಏನಾಗುತ್ತದೆ ಅನ್ನುವುದಕ್ಕೆ ಒಳಗೊಂದು ಕನಿಷ್ಠ-ಗರಿಷ್ಠ ಥರ್ಮಾಮೀಟರ್ ಇಡಿ. ಹಾಗಂತ ಫ್ರಿಜ್ಜಿಗೆ ಓಡಬೇಡಿ. 4 ಡಿಗ್ರಿಯ ಚಳಿ ನಮ್ಮ ಉಷ್ಣವಲಯದ ಫೈಟೋಫ್ತೊರಾಗಳಿಗೆ ಆಗಿಬರುವುದಿಲ್ಲ. ಕಲ್ಚರ್ ಉಳಿಸಿಕೊಳ್ಳಲೂ ಅದೇ ಮಾತು, ತುಂಡುಗಳನ್ನು ಸ್ಟೆರೈಲ್ ನೀರಿನ ಬಾಟಲಿಯಲ್ಲಿ ಹಾಕಿ ತಂಪಾದ ಕಪಾಟಿನಲ್ಲಿಡಿ.

ನಿಮ್ಮ ತಳಿಯಲ್ಲಿ ಮಾತ್ರ ಬಂದಿಲ್ಲದಿದ್ದರೆ

ಅದು ಫೈಟೋಫ್ತೊರಾ ಹೌದೋ ಅಲ್ಲವೋ ಅನ್ನುವ ಪ್ರಶ್ನೆಯಿಂದ ಶುರು. ಕೊಳೆತ ಅಡಿಕೆಯನ್ನು ಹಾಗೇ ಪ್ಲೇಟಿಗೆ ಹಾಕಿದರೆ ಮೊದಲು ಓಡಿ ಬರುವುದು ಫ್ಯುಸೇರಿಯಂ, ಕೊಲೆಟೋಟ್ರೈಕಂ ಮುಂತಾದ ಪುಕ್ಕಟೆ ಊಟದವರು. ಎಳೆ ಬೆಳೆದಾಗ ಅಡ್ಡಗೋಡೆಗಳು ಸಾಲಾಗಿ ಕಂಡರೆ ಅದು ನಿಮ್ಮದಲ್ಲ. ಫೈಟೋಫ್ತೊರಾದ ಹೊಸ ಎಳೆಯಲ್ಲಿ ಅಡ್ಡಗೋಡೆ ಇರುವುದೇ ಅಪರೂಪ. ಇನ್ನೂ ಖಾತ್ರಿ ಬೇಕಾದರೆ ಕಲ್ಚರ್ ತುಂಡನ್ನು ನೀರಿನಲ್ಲಿ ಹಾಕಿ ಬೆಳಕಿನಲ್ಲಿಡಿ. ಒಂದೆರಡು ದಿನದಲ್ಲಿ ತುದಿಯಲ್ಲಿ ಮೊಟ್ಟು ಇರುವ ನಿಂಬೆಯಾಕಾರದ ಬೀಜಕಣದ ಚೀಲಗಳು, ಅಂದರೆ ಸ್ಪೊರಾಂಜಿಯಂಗಳು, ಬರುತ್ತವೆ. ಅವನ್ನು ತುಸು ಹೊತ್ತು ತಂಪಿಗಿಟ್ಟು ಹೊರಗೆ ತಂದರೆ ಒಳಗಿಂದ ಜೂಸ್ಪೋರ್‌ಗಳು ಹೊರಬಿದ್ದು ಈಜುತ್ತವೆ. ಇದೊಂದನ್ನು ನೋಡಿದವರಿಗೆ, ಮಳೆ ಹನಿಯ ಜೊತೆ ಮಹಾಳಿ ಹೇಗೆ ಗೊನೆಯಿಂದ ಗೊನೆಗೆ ಹೋಗುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಸ್ಯಾಂಪಲ್ ಆರಿಸುವಾಗ ಪೂರ್ತಿ ಬೆಳ್ಳಗೆ ಬೂಷ್ಟು ಹಿಡಿದ ಅಡಿಕೆ ಬೇಡ. ತೊಟ್ಟಿನ ಹತ್ತಿರ ನೀರು ಕುಡಿದ ಹಾಗೆ ಕಡುಹಸಿರು ಕಲೆ ಹಬ್ಬುತ್ತಿರುವ, ಅದೇ ದಿನ ಬಿದ್ದ ಕಾಯಿ ಬೇಕು. ಕಲೆಯ ಅಂಚಿನಿಂದ, ಅರ್ಧ ಕಲೆ ಅರ್ಧ ಹಸಿರು ಬರುವ ಹಾಗೆ ತುಂಡು ತೆಗೆಯಿರಿ. ಮದ್ದು ಬಿಟ್ಟ ತೋಟದ ಕಾಯಿಯಾದರೆ ಹರಿಯುವ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ. ಮದ್ದಾಗಿ ಬಿಡುವ ಬೋರ್ಡೋ ದ್ರಾವಣದ ತಾಮ್ರ ಸಿಪ್ಪೆಗೆ ಅಂಟಿರುತ್ತದೆ, ಅಲ್ಲಿ ರೋಗಾಣು ಹೊರಗೆ ಬರುವುದೇ ಇಲ್ಲ. ಬ್ಲೀಚ್ ದ್ರಾವಣದಲ್ಲಿ ಜಾಸ್ತಿ ಹೊತ್ತು ನೆನೆಸಿದರೂ ಇದೇ ಗತಿ.

ತಳಿ ಸರಿಯಾಗಿದೆ, ಎರಡೂ ಟೆಸ್ಟರ್ ಜೊತೆ ಏನೂ ಬರುವುದಿಲ್ಲ ಅಂದರೆ ಅದು ಹಳೆಯದಾಗಿರಬಹುದು. ಪ್ಲೇಟಿನಿಂದ ಪ್ಲೇಟಿಗೆ ದಾಟಿಸುತ್ತಾ ಹೋದ ಕಲ್ಚರಿನ ಕಸುವು ಇಳಿಯುತ್ತದೆ. ರೋಗವಿಲ್ಲದ ಹಸಿರು ಕಾಯಿಗೆ ಸಣ್ಣ ಗಾಯ ಮಾಡಿ ಅದರಲ್ಲಿ ಈ ಕಲ್ಚರ್ ಇಟ್ಟು, ಕಲೆ ಬಂದ ಮೇಲೆ ಅಂಚಿನಿಂದ ಮತ್ತೆ ತೆಗೆಯಿರಿ. ಹೀಗೆ ಒಮ್ಮೆ ಆಸರೆ ಗಿಡದ ಊಟ ಕೊಟ್ಟರೆ ಎಷ್ಟೋ ತಳಿ ಚೇತರಿಸಿಕೊಳ್ಳುತ್ತದೆ.

ಬರಬಾರದ ಕಡೆ ಬಂದಿದ್ದರೆ

ನಿಮ್ಮ ತಳಿ ಒಂಟಿಯಾಗಿದ್ದ ಪ್ಲೇಟಿನಲ್ಲಿ ಊಸ್ಪೋರ್ ಕಂಡರೆ ತಲೆ ಕೆರೆದುಕೊಳ್ಳುವ ಮೊದಲು ಪ್ಲೇಟಿನ ಅಂಚನ್ನು ನೋಡಿ. ಎಲ್ಲಾದರೂ ಹಸಿರು ಪುಡಿ ಕಾಣುತ್ತದಾ? ಟ್ರೈಕೋಡರ್ಮಾ ಎಂಬ ಹಸಿರು ಶಿಲೀಂಧ್ರ ಇದ್ದರೆ ಅದರ ಗಾಳಿ ಸೋಕಿದರೂ ಸಾಕು, ಎ2 ತಳಿಗಳು ತಮಗೆ ತಾವೇ ಊಸ್ಪೋರ್ ಕಟ್ಟಬಲ್ಲವು. ಇದು 1971ರಿಂದ ಗೊತ್ತಿರುವ ವಿಷಯ. ನಮ್ಮ ಮನೆಗಳಲ್ಲಿ ಕಾಳುಮೆಣಸಿನ ಬುಡಕ್ಕೆ ಬೇವಿನ ಹಿಂಡಿಯ ಜೊತೆ ಟ್ರೈಕೋಡರ್ಮಾ ಬೆರೆಸಿ ಹಾಕುವುದು ಮಾಮೂಲು. ಬೆಳಿಗ್ಗೆ ಅಪ್ಪನ ಜೊತೆ ಆ ಕೆಲಸ ಮಾಡಿ, ಅದೇ ಅಂಗಿಯಲ್ಲಿ ಲ್ಯಾಬಿಗೆ ಬಂದರೆ ಬೀಜಕಣಗಳೂ ಬಸ್ಸು ಹತ್ತಿ ಬರುತ್ತವೆ. ಮಳೆಗಾಲದ ಇನ್ನೊಂದು ಕಾಟ ನುಸಿ. ಕಣ್ಣಿಗೆ ಕಾಣಿಸುವುದೇ ಕಷ್ಟ, ಪ್ಲೇಟಿನಿಂದ ಪ್ಲೇಟಿಗೆ ನಡೆದು ಎ1ನ್ನು ಎ2ಗೆ ಅಂಟಿಸಿಬಿಡುತ್ತದೆ. ಅಗರ್ ಮೇಲೆ ಸಣ್ಣ ಚುಕ್ಕೆಗಳ ಸಾಲು ಕಂಡರೆ ಆ ಡಬ್ಬಿ ಪೂರ್ತಿ ಅನುಮಾನದ್ದೇ.

ಇವೆರಡೂ ಇಲ್ಲವಾದರೆ ನಿಮ್ಮ ತಳಿ ಒಂದೇ ಅಲ್ಲ, ಎರಡರ ಬೆರಕೆ ಇರಬಹುದು. ಒಂದೇ ಕಾಯಿಗೆ ಎರಡು ತಳಿ ತಗಲುವುದಕ್ಕೆ ಏನೂ ಅಡ್ಡಿಯಿಲ್ಲ. ಒಂದೇ ಜೂಸ್ಪೋರ್‌ನಿಂದ ಹೊಸ ಕಲ್ಚರ್ ಎಬ್ಬಿಸಿ ಮತ್ತೆ ಪರೀಕ್ಷೆ ಮಾಡಿ. ಒಂಟಿ ಜೂಸ್ಪೋರ್ ತೆಗೆಯದೆ ಮೇಟಿಂಗ್ ಟೈಪ್ ಪಟ್ಟಿ ಮಾಡುವುದು ನನ್ನ ಮಟ್ಟಿಗೆ ವ್ಯರ್ಥ. ಕೊನೆಗೆ ಉಳಿಯುವ ಸಾಧ್ಯತೆ, ಜೋಡಿ ಬೇಡದ ಬೇರೆಯೇ ಜಾತಿ ಅಥವಾ ಫೈಟೋಫ್ತೊರಾದ ನೆಂಟ ಪಿಥಿಯಂ. ಹಲವು ಪಿಥಿಯಂಗಳು ಒಂಟಿಯಾಗಿಯೇ ಊಸ್ಪೋರ್ ಕಟ್ಟುತ್ತವೆ.

ಊಸ್ಪೋರ್ ಬಂತು, ಆದರೆ ಯಾರದ್ದು?

ಎಲ್ಲ ಪ್ಲೇಟೂ ಸರಿಯಾಗಿ ಬಂದವರೂ ಎಡವುವ ಜಾಗ ಇದು. ಹಾರ್ಮೋನ್ ಜಾತಿಯ ಗಡಿ ನೋಡುವುದಿಲ್ಲ. ಮಹಾಳಿಯ ಫೈಟೋಫ್ತೊರಾ ಮೀಡಿಐ ಎಂಬ ಜಾತಿ ಒಂದು ಕಡೆ, ಕಾಳುಮೆಣಸಿನ ಸೊರಗು ರೋಗದ ಫೈಟೋಫ್ತೊರಾ ಕ್ಯಾಪ್ಸಿಸಿ ಟೆಸ್ಟರ್ ಇನ್ನೊಂದು ಕಡೆ ಇಟ್ಟರೂ ಊಸ್ಪೋರ್ ಬರಬಹುದು. ಅದನ್ನು ನೋಡಿ ಎರಡು ಜಾತಿ ಕೂಡಿ ಮಿಶ್ರತಳಿ ಹುಟ್ಟಿತು ಅಂತ ಬರೆದರೆ ದೊಡ್ಡ ತಪ್ಪು. ಎದುರಿನ ಹಾರ್ಮೋನ್ ತಗಲಿ ಒಂದು ತಳಿ ತನ್ನೊಳಗೇ ಗರ್ಭಕಟ್ಟಿರಬಹುದು. ಒಂದೇ ಜಾತಿಯ ಜೋಡಿಯಲ್ಲೂ ಕೆಲವು ಊಸ್ಪೋರ್ ಹೀಗೆ ಸ್ವಂತದ್ದೇ ಇರುತ್ತದೆ. ಇದನ್ನು ಬಿಡಿಸಿ ನೋಡಲು ಎರಡರ ನಡುವೆ ಅತಿ ಸಣ್ಣ ರಂಧ್ರದ ಪಾಲಿಕಾರ್ಬೊನೇಟ್ ಪೊರೆ ಇಡುತ್ತಾರೆ. ಎಳೆ ದಾಟುವುದಿಲ್ಲ, ಹಾರ್ಮೋನ್ ದಾಟುತ್ತದೆ. ಆಗಲೂ ಊಸ್ಪೋರ್ ಬಂದರೆ ಅದು ಸ್ವಂತದ್ದೇ. ನಿಜವಾಗಿ ಎರಡು ತಳಿ ಬೆರೆತಿವೆ ಅನ್ನಬೇಕಾದರೆ ಊಸ್ಪೋರ್ ಮೊಳೆಯಿಸಿ, ಮರಿ ತಳಿಯಲ್ಲಿ ಎರಡೂ ಕಡೆಯ ಡಿಎನ್ಎ ಗುರುತು ತೋರಿಸಬೇಕು.

ಮೊಳೆಯುವುದೂ ಸುಲಭವಲ್ಲ. ಎಷ್ಟೋ ಊಸ್ಪೋರ್ ಒಳಗೆ ಖಾಲಿ, ಕೆಲವು ಕಾಳು ಕಾಳಾಗಿ ಕೆಟ್ಟಿರುತ್ತವೆ. ಗಟ್ಟಿ ಉಪ್ಪುನೀರು ಹಾಕಿ ನೋಡಿದರೆ ಜೀವ ಇರುವುದರ ಒಳತಿರುಳು ಗೋಡೆ ಬಿಟ್ಟು ಮುದುಡಿಕೊಳ್ಳುತ್ತದೆ, ಸತ್ತದ್ದು ಹಾಗೇ ಇರುತ್ತದೆ. ಜೀವವಿದ್ದದ್ದೂ ತಕ್ಷಣ ಮೊಳೆಯದೆ ಮಲಗಿರಬಹುದು. ಮಣ್ಣಿನಲ್ಲಿ ಬೇಸಿಗೆ ಕಳೆಯಲೆಂದೇ ಆ ದಪ್ಪ ಗೋಡೆ ಅಲ್ವಾ.

ಪ್ಲೇಟಿನಿಂದ ತೋಟಕ್ಕೆ

ಡಬ್ಬಿಯಲ್ಲಿ ಊಸ್ಪೋರ್ ಬಂದ ಮಾತ್ರಕ್ಕೆ ತೋಟದಲ್ಲೂ ಬರುತ್ತಿದೆ ಅನ್ನಲಾಗದು. ಪೈನ್‌ನ ಫ್ಯುಸೇರಿಯಂ ಸರ್ಸಿನೇಟಂ ಲ್ಯಾಬಿನಲ್ಲಿ ಪೆರಿಥೀಸಿಯಂ ಕಟ್ಟುತ್ತದೆ, ಕಾಡಿನ ಮರದಲ್ಲಿ ಅದು ಹಾಗೆ ಸುಲಭಕ್ಕೆ ಕಾಣಸಿಗುವುದಿಲ್ಲ. ಚಿಲಿ ದೇಶದ ರೇಡಿಯಾಟ ಪೈನ್ ತೋಟಗಳಲ್ಲಿ 2004ರಲ್ಲಿ ಸೂಜಿ ಎಲೆಗಳು ಒಣಗತೊಡಗಿದವು. ಕಾರಣ ಒಂದು ಹೊಸ ಫೈಟೋಫ್ತೊರಾ, 2008ರಲ್ಲಿ ಅದಕ್ಕೆ ಫೈಟೋಫ್ತೊರಾ ಪಿನಿಫೋಲಿಯಾ ಅಂತ ಹೆಸರಿಟ್ಟರು. ಅದನ್ನು ವಿವರಿಸಿದವರಿಗೆ ಊಗೋನಿಯಂ ಕಾಣಲೇ ಇಲ್ಲ. ಹಾವಳಿಗೆ ಲೈಂಗಿಕ ಸಂತಾನ ಬೇಕೇ ಬೇಕು ಅಂತೇನಿಲ್ಲ. ಇನ್ನೊಂದು ಕಡೆ ಆಲೂಗಡ್ಡೆಯ ಅಂಗಮಾರಿ ನೋಡಿ, ಅದೂ ಒಂದು ಫೈಟೋಫ್ತೊರಾದ ಕೆಲಸವೇ. ಮೆಕ್ಸಿಕೊದಲ್ಲಿ 1950ರ ದಶಕದಲ್ಲೇ ಅದರ ಎ2 ಸಿಕ್ಕಿತ್ತು. ಹೊರಗಿನ ದೇಶಗಳಲ್ಲಿ ಎ1 ಒಂದೇ ಇದೆ ಅಂತ ಎಲ್ಲರೂ ನಂಬಿದ್ದರು, 1984ರಲ್ಲಿ ಸ್ವಿಟ್ಜರ್ಲೆಂಡಿನಿಂದ ಎ2 ವರದಿಯಾಯಿತು. ಆಮೇಲೆ ಯುರೋಪಿನ ಕೆಲವೆಡೆ ಹೊಲದ ಮಣ್ಣಿನ ಊಸ್ಪೋರ್‌ಗಳೂ ರೋಗದ ಮೂಲವಾದವು.

ಹಾಗಾಗಿ ನಿಮ್ಮ ತೋಟದಲ್ಲಿ ಎ1, ಎ2 ಎರಡೂ ಸಿಕ್ಕಿದರೆ ಬರೆಯಬೇಕಾದದ್ದು "ಎರಡೂ ಇವೆ, ಕೂಡುವ ಅವಕಾಶ ಇದೆ" ಅಂತ. ಅಷ್ಟೇ. ಒಂದೇ ಮರದ ಕಾಯಿಗಳಲ್ಲಿ ಎರಡೂ ಸಿಕ್ಕಿತೋ, ಬೇರೆ ಬೇರೆ ತೋಟದಲ್ಲೋ ಅನ್ನುವುದನ್ನು ತಪ್ಪದೆ ಬರೆಯಿರಿ. ಪೆರ್ಲದಲ್ಲೊಂದು, ಮುಳ್ಳೇರಿಯದಲ್ಲೊಂದು ಇದ್ದರೆ ಅವು ಭೇಟಿಯಾಗುವುದು ಎಲ್ಲಿ? ಬಿದ್ದ ಕಾಯಿಯ ಒಳಗೇ ಕೊರಳಪಟ್ಟಿಯ ಊಸ್ಪೋರ್ ಕಂಡರೆ ಅದು ಬೇರೆ ತೂಕದ ಸಾಕ್ಷಿ, ಫೋಟೋ ತೆಗೆದಿಡಿ.

ಮನೆಯವರು ಕೇಳುತ್ತಾರೆ, "ಇದರಿಂದ ಮದ್ದು ಬಿಡುವುದರಲ್ಲಿ ಏನಾದರೂ ಬದಲಾವಣೆ ಉಂಟಾ?" ಬೋರ್ಡೋದಲ್ಲಿ ಇಲ್ಲ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, ಮಳೆ ಹಿಡಿಯುವ ಹೊತ್ತಿಗೆ ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ. ಬದಲಾಗುವುದು ಬಿದ್ದ ಕಾಯಿಯ ವಿಷಯದಲ್ಲಿ. ಅದನ್ನು ಹೆಕ್ಕಿ ತೋಟದ ಹೊರಗೆ ಸಾಗಿಸುವುದಕ್ಕೆ ಇನ್ನೊಂದು ಕಾರಣ ಸಿಕ್ಕಿತು. ಮೆಟಲಾಕ್ಸಿಲ್ ತರಹದ ಔಷಧಿಯನ್ನು ಮತ್ತೆ ಮತ್ತೆ ಬಳಸುವವರಿಗೆ ಎಚ್ಚರಿಕೆಯೂ ಇದೆ. ಒಂದು ತಳಿಯ ನಿರೋಧಶಕ್ತಿ ಬೇರೆ ತಳಿಯ ಗುಣಗಳ ಜೊತೆ ಕಲೆಯುವ ದಾರಿ ಲೈಂಗಿಕ ಸಂತಾನವೇ.

ಮುಗಿದ ಪ್ಲೇಟುಗಳನ್ನು ಗೊಬ್ಬರದ ಗುಂಡಿಗೆ ಎಸೆಯಬೇಡಿ. ತೋಟದಲ್ಲಿ ಇನ್ನೂ ಭೇಟಿಯಾಗದ ಎರಡು ತಳಿಗಳನ್ನು ನೀವೇ ಡಬ್ಬಿಯಲ್ಲಿ ಕೂಡಿಸಿದ್ದೀರಿ, ಟೆಸ್ಟರ್ ಅಂತೂ ಹೊರ ಊರಿನದು. ಆಟೊಕ್ಲೇವ್ ಅಥವಾ ಕುಕ್ಕರಿನಲ್ಲಿ 15 ಪೌಂಡ್ ಒತ್ತಡಕ್ಕೆ ಅರ್ಧ ಗಂಟೆ ಇಟ್ಟು, ಆರಿದ ಮೇಲೆಯೇ ತೊಳೆಯಲು ತೆಗೆಯಿರಿ. ಆ ಕುಕ್ಕರ್ ಲ್ಯಾಬಿನದ್ದೇ ಆಗಿರಲಿ, ಅಡುಗೆಮನೆಯದ್ದು ಬೇಡ.